ನೀರಗಂಟಿ ದ್ಯಾವಪ್ಪನ ಮೂವತ್ತೊಂದು ಹೆಸರು

ವಳಕಮದಿನ್ನಿಯ ಉಪಕಾಲುವೆಯ ಏರಿಯ ಮೇಲೆ ನಿಂತು ದ್ಯಾವಪ್ಪ ಒಂದು ಕೂಗು ಹಾಕಿದನೆಂದರೆ, ದೂರದ ಗದ್ದೆಯಲ್ಲಿ ಬಗ್ಗಿ ಸಸಿ ಕೀಳುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಅಬ್ಬರದ ಧ್ವನಿಯೇನಲ್ಲ, ಹೆಸರಿನ ಕೊನೆಯ ಅಕ್ಷರವನ್ನು ಉಸಿರು ಮುಗಿಯುವ ತನಕ ಎಳೆದು, ಆಮೇಲೆ ತಟ್ಟನೆ "ಪಾಳಿ ಬಂತೋ" ಎಂದು ನಿಲ್ಲಿಸುವ ಅವನ ರೀತಿಯೇ ಹಾಗಿತ್ತು. ಯಾರ ಹೊಲಕ್ಕೆ ಯಾವಾಗ ನೀರು ಎಂಬುದನ್ನು ಇಲಾಖೆಯವರು ಕಾಗದದಲ್ಲಿ ಬರೆದಿಟ್ಟಿದ್ದರೂ ಅದನ್ನು ಬಿಚ್ಚಿ ನೋಡಿದವರಿಲ್ಲ. ಮೇಲಿನ ತೂಬಿನಿಂದ ಕಟ್ಟಕಡೆಯ ತೂಬಿನವರೆಗೆ ಮೂವತ್ತೊಂದು ಹೆಸರು ಆ ನೀರಗಂಟಿಯ ನಾಲಗೆಯ ಮೇಲೆ ಸಾಲಾಗಿ ಕುಳಿತಿದ್ದವು.

ವರ್ಗವಾಗಿ ಹೋದ ಇಲಾಖೆಯ ಸಾಹೇಬರೊಬ್ಬರು ಕೊಟ್ಟ ಖಾಕಿ ಕೋಟನ್ನು ಅವನು ವೈಶಾಖದ ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಅದರ ಎಡಜೇಬಿನಲ್ಲಿ ಬೀಡಿಕಟ್ಟು. ಬಲಜೇಬಿನಲ್ಲಿ ಉಪ್ಪಿನ ಪೊಟ್ಟಣ, ಎರಡು ಹಸಿಮೆಣಸಿನಕಾಯಿ. ಯಾರ ಮನೆಯ ರೊಟ್ಟಿಯಾದರೂ ಸರಿ, ಮೊದಲ ತುತ್ತನ್ನು ಆ ಉಪ್ಪಿಗೆ ಒತ್ತಿಯೇ ಬಾಯಿಗಿಡುತ್ತಿದ್ದ. ಸಲಿಕೆ ಹೆಗಲಿಗೇರಿಸಿ ನಡೆಯುವಾಗ ಏರಿಯ ನಡುದಾರಿ ಬಿಟ್ಟು ಅಂಚನ್ನೇ ಹಿಡಿಯುತ್ತಿದ್ದ. ಬೀಳುತ್ತೀಯಪ್ಪಾ ಎಂದು ಮಗಳು ಅಮರಮ್ಮ ಗದರಿಸಿದರೆ, "ನಡುವ ನಡದ್ರ ನೀರು ಕಾಣಂಗಿಲ್ಲ ಬೇ" ಎನ್ನುತ್ತಿದ್ದ.

ಅಮರಮ್ಮ ಒಬ್ಬಳೇ ಮಗಳು, ಊರ ಅಂಗನವಾಡಿಯ ಶಿಕ್ಷಕಿ. ಗಂಡನೊಡನೆ ಅಪ್ಪನ ಮನೆಯಲ್ಲಿಯೇ ಇದ್ದಳು. ಎಂಬತ್ತೇಳರ ಶ್ರಾವಣದ ಒಂದು ಬೆಳಿಗ್ಗೆ ದ್ಯಾವಪ್ಪನ ಬಲಗೈಯಿಂದ ಚಹಾದ ಬಟ್ಟಲು ಜಾರಿತು. "ಯಾಕಪ್ಪಾ?" ಎಂದಳು. ಅವನೇನೋ ಉತ್ತರಿಸಿದ, ಏರಿಳಿತವೆಲ್ಲ ಅವನದೇ, ಶಬ್ದಗಳಿಗೆ ಮಾತ್ರ ಅರ್ಥವಿರಲಿಲ್ಲ. ತುಟಿಯ ಒಂದು ಅಂಚು ಜೋತುಬಿದ್ದಿತ್ತು. ಪಕ್ಕದ ಮನೆಯ ಪೀರ್‌ಬೀ ಓಡಿಬಂದು, ಗಾಳಿ ಸೋಕಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹತ್ತು ಹನ್ನೆರಡು ನಿಮಿಷವಾಗಿರಬೇಕು. "ಚಾ ಚೆಲ್ಲಿತಲ್ಲ ಬೇ, ಇನ್ನೊಂದೀಟು ಕೊಡು" ಎಂದ ದ್ಯಾವಪ್ಪ, ಸ್ಪಷ್ಟವಾಗಿ. ಎಲ್ಲರೂ ನಕ್ಕರು, ಅಮರಮ್ಮನೂ ನಕ್ಕಳು. ಆ ನಗೆ ಮುಂದೆ ಎಷ್ಟೋ ವರ್ಷ ಅವಳನ್ನು ಚುಚ್ಚಿತು.

ಅದಾದ ಒಂಬತ್ತನೆಯ ದಿನ, ಆ ಮೂವತ್ತೊಂದು ಹೆಸರಿನವರಲ್ಲಿ ಒಬ್ಬನಾದ ರೈತ ಆದಪ್ಪ ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದ. ಅವನ ಸಸಿಮಡಿಗೆ ಮೊಳಕೆ ಬೀಜ ಚೆಲ್ಲಿ ಎರಡೇ ದಿನವಾಗಿತ್ತು. ತೂಬು ತೆರೆದಂತೆಯೇ ಉಳಿದು ನೀರು ನುಗ್ಗಿ ಬೀಜವೆಲ್ಲ ಕೊಚ್ಚಿಹೋಗಿತ್ತು. "ಮೂವತ್ತು ವರ್ಷ ನಿನ್ನ ಕೈ ತಪ್ಪಿದ್ದಿಲ್ಲ. ಬೇಕಂತ ಮಾಡಿ ಏನು?"

"ತೂಬಿನ ಹಲಗಿ ಉಬ್ಬಿ ಕುಂತಿತ್ತು" ಎಂದ ದ್ಯಾವಪ್ಪ, ನೆಲ ನೋಡುತ್ತ. ಆದಪ್ಪ ಹೋದ ಮೇಲೆ ಒಳಗೆ ಬಂದು ಗೋಡೆಗೆ ಒರಗಿದ. "ಸುಳ್ಳು ಹೇಳಿದ್ನಿ ಬೇ. ಹಲಗಿ ಚೊಲೋನ ಐತಿ. ಇಳಸು ಅಂದ್ರ ಕೈ ಸುಮ್ನ ಜೋತಾಡಾಕತ್ತಿತ್ತು. ಕೂಗೂನಂದ್ರ ಆದಪ್ಪನ ಹೆಸರ ಬಾಯಿಗೆ ಬರಲಿಲ್ಲ."

ಮರುದಿನವೇ ಅವಳು ಅವನನ್ನು ಸಿಂಧನೂರಿಗೆ ಕರೆತಂದು, ಮಸ್ಕಿಯ ಮೇಲೆ ಹಾಯುವ ಬಸ್ಸು ಹತ್ತಿಸಿ ಲಿಂಗಸುಗೂರಿನ ಮರಿಸ್ವಾಮಿ ಡಾಕ್ಟರ ಬಳಿಗೆ ಒಯ್ದಳು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದರು. ನಂಬಿಕೆಯಾಗದೆ ಮತ್ತೊಮ್ಮೆ ಅಳೆದರು. "ಇದು ಸಣ್ಣ ಲಕ್ವಾನವ್ವಾ. ಮಿದುಳಿಗೆ ಹೋಗೋ ರಕ್ತ ಒಂದೀಟು ಹೊತ್ತು ನಿಂತು ಮತ್ತ ಹರದದ. ತಾನಾಗೇ ಸರಿಹೋತಂತ ಬಿಡಬ್ಯಾಡ್ರಿ, ದೊಡ್ಡದು ಬರೂಕಿಂತ ಮೊದ್ಲ ಬರೂ ಸುದ್ದಿ ಇದು. ಗುಳಿಗಿ ದಿನಾ ನುಂಗಬೇಕು, ಆರಾಮ ಇದ್ರೂ ನುಂಗಬೇಕು. ಬೀಡಿ ಬಂದ್, ಉಪ್ಪು ಕಡಿಮಿ." ಮುದುಕನಿಗೆ ತಿಳಿಯಲೆಂದು, ಕಾಲುವೆಯ ತಳದಲ್ಲಿ ಹೂಳು ಕೂಡುವ ಹಾಗೆ ರಕ್ತನಾಳದಲ್ಲಿ ಜಿಡ್ಡು ಕೂಡುತ್ತದೆ ಎಂದೂ ಸೇರಿಸಿದರು. ಹೂಳಿನ ಮಾತು ಬಂದದ್ದೇ ದ್ಯಾವಪ್ಪ ತಲೆಯೆತ್ತಿದ. "ಹೂಳು ತಳದಾಗ ಎಲ್ಲಾ ಕಡಿ ಕುಂದ್ರಂಗಿಲ್ರೀ ಸಾಹೇಬ್ರ, ತಿರುವಿನಾಗ ಕುಂದರತೈತಿ" ಎಂದು ಆರಂಭಿಸಿ ಕಾಲು ಗಂಟೆ ಡಾಕ್ಟರಿಗೆ ಪಾಠ ಹೇಳಿದ. ಹೊರಗೆ ರೋಗಿಗಳು ಕಾದಿದ್ದರೂ ಡಾಕ್ಟರು ಕೇಳಿದರು. ಬರುವ ದಾರಿಯಲ್ಲಿ ಮಸ್ಕಿಯಲ್ಲಿ ಬಸ್ಸು ನಿಂತಾಗ ಅಮರಮ್ಮ ನೀರು ತರಲು ಇಳಿದಳು. ತಿರುಗಿ ಬರುವಷ್ಟರಲ್ಲಿ ಅವನ ಕೈಯಲ್ಲಿ ಉಪ್ಪು ಉದುರಿಸಿದ ನಾಲ್ಕು ಮಿರ್ಚಿ ಭಜಿಗಳಿದ್ದವು.

ದಿನಾ ಬೆಳಿಗ್ಗೆ ಅವನನ್ನು ನಗಿಸಿ ನೋಡು, ಎರಡೂ ಕೈ ಎತ್ತಿಸು, ಮಾತಾಡಿಸು ಎಂದು ಡಾಕ್ಟರು ಅವಳಿಗೆ ಹೇಳಿಕೊಟ್ಟಿದ್ದರು. "ನಗು ಅಂದ್ರ ನಗಾಕ ನಾ ಏನು ನಿನ್ನ ಅಂಗನವಾಡಿ ಕೂಸೇನು?" ಎಂದು ಅವನು ಸಿಡುಕಿದ. ಕೊನೆಗೆ ಒಂದು ಒಪ್ಪಂದವಾಯಿತು: ಮುಖ ತೊಳೆದವನೇ ಮೇಲಿನ ತೂಬಿನಿಂದ ಮೂವತ್ತೊಂದೂ ಹೆಸರು ಹೇಳುವುದು. ಅವಳು ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು. ಸಾಲಗುಂದದ ಕಡೆಯವರು ಯಾರು, ಹೊಸದಾಗಿ ಭತ್ತಕ್ಕೆ ಬಂದವರು ಯಾರು, ಯಾರ ಮಗ ಪಾಳಿ ತಪ್ಪಿಸಿ ನೀರು ತಿರುಗಿಸಿಕೊಂಡ, ಎಲ್ಲ ಆ ಪಟ್ಟಿಯ ನಡುನಡುವೆ ಬರುತ್ತಿತ್ತು. ಮಗಳಿಗೆ ಅಪ್ಪನ ಜಗತ್ತು ಪೂರ್ತಿಯಾಗಿ ತಿಳಿದದ್ದು ಆ ಬೆಳಗುಗಳಲ್ಲಿಯೇ.

ಮಾಘದ ಹೊತ್ತಿಗೆ ಮೈ ಹಗುರಾಯಿತೆಂದು ಅವನು ಯಾರಿಗೂ ಹೇಳದೆ ಗುಳಿಗೆ ಬಿಟ್ಟ. ಒಂದು ದಿನ ಹದಿನಾರನೆಯ ಹೆಸರಿಗೆ ನಿಂತ. ಮತ್ತೆ ಮೊದಲಿಂದ ಹೇಳಿದ, ಮತ್ತೆ ಅಲ್ಲಿಯೇ ನಿಂತ. ಅಮರಮ್ಮ ಹಿಟ್ಟಿನ ಕೈಯಲ್ಲೇ ಎದ್ದಳು. "ಈಗ ಸರಿಹೋಗತೈತಿ ತಡಿ" ಎಂದ ಪೀರ್‌ಬೀಯ ಮಾತಿಗೂ ತಡೆಯದೆ, ಬೀದಿಯಲ್ಲಿದ್ದ ಟ್ರ್ಯಾಕ್ಟರ್ ನಿಲ್ಲಿಸಿದಳು. ಅದು ಆದಪ್ಪನದು. ಸಸಿಮಡಿ ಹೋದಂದಿನಿಂದ ಆ ಮನೆಯೊಡನೆ ಮಾತಿರಲಿಲ್ಲ. ಆದರೂ ಆದಪ್ಪ ಏನೂ ಕೇಳದೆ ಮುದುಕನನ್ನು ಎತ್ತಿ ಕೂರಿಸಿದ.

ಸಿಂಧನೂರಿನ ದಾರಿ ಅರ್ಧ ಸವೆಯುವಷ್ಟರಲ್ಲಿ ದ್ಯಾವಪ್ಪನ ಮಾತು ಮರಳಿತು. ಮೊದಲು ಆಡಿದ್ದು ಆದಪ್ಪನಿಗೆ: "ಅವತ್ತು ಹಲಗಿ ತಪ್ಪಲ್ಲ ತಮ್ಮಾ. ನನ್ನ ಕೈ ತಪ್ಪು. ಸುಳ್ಳಾಡಿದ್ನಿ."

ಆದಪ್ಪ ಟ್ರ್ಯಾಕ್ಟರಿನ ವೇಗ ಹೆಚ್ಚಿಸಿದ. "ಅವತ್ತೇ ಹೇಳಿದ್ರ ಅವತ್ತೇ ಕರಕೊಂಡು ಹೋಗ್ತಿದ್ನೆಲ್ಲೋ ಕಾಕಾ" ಎಂದ. ದ್ಯಾವಪ್ಪ ಕೋಟಿನ ತೋಳಿನಿಂದ ಕಣ್ಣೊರಸಿಕೊಂಡದ್ದನ್ನು ಮಗಳು ಕಂಡೂ ಕಾಣದಂತೆ ಕುಳಿತಳು.

ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ಗುಳಿಗೆಯನ್ನು ಯಾರೂ ನೆನಪಿಸಬೇಕಾಗಲಿಲ್ಲ. ತೂಬು ಏರಿಸಿ ಇಳಿಸುವುದನ್ನು ತಾನಾಗಿಯೇ ಆದಪ್ಪನಿಗೆ ಒಪ್ಪಿಸಿದ. ಕೂಗುವುದನ್ನು ಮಾತ್ರ ತನಗೆ ಇಟ್ಟುಕೊಂಡ. ಬೀಡಿ ಬಿಡಲು ಒಂದು ವರ್ಷ ಹಿಡಿಯಿತು. ಉಪ್ಪನ್ನು ಕೊನೆಯವರೆಗೂ ಕದ್ದ, ಚಿಟಿಕೆಯಷ್ಟು. ಇನ್ನೂ ಸುಮಾರು ಒಂಬತ್ತು ವರ್ಷ ಅವನು ಏರಿಯ ಮೇಲೆ ಓಡಾಡಿದ. ದೊಡ್ಡ ಲಕ್ವಾ ಬರಲೇ ಇಲ್ಲ. ತೊಂಬತ್ತಾರರ ದಸರೆಯ ನಂತರ ಮೂರು ದಿನದ ಜ್ವರದಲ್ಲಿ ಹೋದ.

ಇಂಥವರು ಸಾವಿಗೆ ಅಂಜಿ ಔಷಧ ಕುಡಿಯುವ ಪೈಕಿಯವರಲ್ಲ. ತಮ್ಮ ದೇಹವನ್ನು ಹಳೆಯ ಹತಾರದಂತೆ ಬಳಸಿ, ಅದು ಮುರಿಯುವ ದಿನ ಮುರಿಯಲಿ ಎಂದು ನಿಶ್ಚಿಂತರಾಗಿರುತ್ತಾರೆ. ನಿನ್ನ ಜೀವ ನೋಡಿಕೋ ಎಂದರೆ ಅವರಿಗೆ ನಗು ಬರುತ್ತದೆ. ನಿನ್ನ ಕೈ ತಪ್ಪಿದರೆ ಇನ್ನೊಬ್ಬರ ಬೆಳೆ ಹೋಗುತ್ತದೆ ಎಂದರೆ ಮಾತ್ರ ತಲೆ ತಗ್ಗಿಸಿ ಗುಳಿಗೆಗೆ ಕೈ ಚಾಚುತ್ತಾರೆ. ತಮಗಾಗಿ ಬದುಕಲು ಅವರು ಕಲಿತೇ ಇರುವುದಿಲ್ಲ. ಅವರನ್ನು ಉಳಿಸಿಕೊಳ್ಳಬೇಕೆನ್ನುವ ಮಕ್ಕಳು, ಅವರ ಬದುಕು ಇನ್ನೂ ಯಾರಿಗೆ ಬೇಕಾಗಿದೆ ಎಂಬುದನ್ನು ದಿನಕ್ಕೊಮ್ಮೆ ಅವರ ಬಾಯಿಂದಲೇ ಹೇಳಿಸಬೇಕಾಗುತ್ತದೆ.