ಸಂಜೆಯ ಗಿನತಿ

"ಬ್ಯಾಡ್ರಿ ಮೇಡಂ! ನನ್ನ ಕೂಸಿಗೆ ಎಣಸಬ್ಯಾಡ್ರಿ!"

ಮನೀಷಾ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಫರಹತ್‌ಳ ಬೆರಳು ಗಾಳಿಯಲ್ಲೇ ನಿಂತಿತು.

ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಈ ಸಣ್ಣ ಜೈಲಿಗೆ ಬರುವ ಫರಹತ್‌ಗೆ ಸಂಜೆಯ ಗಿನತಿಯೇ ಮುಖ್ಯ ಕೆಲಸ. ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಎಂದು ಎಣಿಸಿ ಜಿಲ್ಲಾ ಕಚೇರಿಗೆ ಕಳಿಸಬೇಕು. ಲೆಕ್ಕದಲ್ಲಿದ್ದವರಿಗಷ್ಟೇ ಊಟ, ಹಾಲು. ವರದಿಯ ಮಕ್ಕಳ ಕಾಲಮ್ಮಿನಲ್ಲಿ ವಾರದಿಂದ ಸೊನ್ನೆಯೇ ಇತ್ತು. ವಾರದ ಹಿಂದೆ ಕೈದಿಯಾಗಿ ಬಂದ ಮನೀಷಾಳ ಎರಡು ವರ್ಷದ ಕೂಸು ತಾಯಿಯ ಪಾಲಿನ ರೊಟ್ಟಿ ಚೀಪಿಕೊಂಡು ಸೊರಗುತ್ತಿತ್ತು. ತಾಯಿ ಒಪ್ಪಿ ಹೆಬ್ಬೆಟ್ಟು ಒತ್ತದೆ ಕೂಸನ್ನು ಸೇರಿಸುವಂತಿಲ್ಲ. ಸರ್ಕಾರಕ್ಕೆ ಕಣ್ಣಿಗಿಂತ ಹೆಬ್ಬೆಟ್ಟಿನ ಮೇಲೇ ನಂಬಿಕೆ ಹೆಚ್ಚು.

"ಕೂಸಿಗೆ ಹಾಲ ಬ್ಯಾಡೇನವಾ?"

"ಬೇಕ್ರಿ. ಆದ್ರ ನಮ್ಮೂರ ಕೊಹಿನೂರದಾಗ ನನ್ನ ಮೊದಲ್ನೇ ಕೂಸಿಗಿ ಒಬ್ಬಾಕಿ ಹಿಂಗೇ ಬೆರಳ ಮಾಡಿ 'ಒಂದು' ಅಂದಿದ್ಲು. ಅಮಾಸಿ ಒಳಗ ತೀರಿ ಹೋತು ನೋಡ್ರಿ."

"ಎಣಸಿದ್ರ ನಜರ್ ಹತ್ತತದ್ರಿ, ಖರೇ ಅದ," ಎಂದಳು ಪಕ್ಕದಲ್ಲಿ ಕೂತಿದ್ದ ಮುದಿ ಕೈದಿ ಶಹಜಾದಿ.

ಫರಹತ್‌ಗೆ ಸಿಟ್ಟೂ ಬಂತು, ಮರುಕವೂ ಬಂತು. ಆಗ ಅಪ್ಪ ಜಲಾಲುದ್ದೀನ್ ನೆನಪಾದ. ಹುಮನಾಬಾದಿನ ಅಡತಿ ಅಂಗಡಿಯಲ್ಲಿ ತೊಗರಿ ಅಳೆಯುತ್ತಿದ್ದ ಅವನು ಜನ್ಮದಲ್ಲಿ 'ಒಂದು' ಎಂದವನಲ್ಲ. ಮೊದಲ ಸೇರಿಗೆ 'ಲಾಭ' ಎನ್ನುತ್ತಿದ್ದ, ಆಮೇಲೆ ಎರಡು, ಮೂರು.

"ಒಂದು ಅನ್ನೂದಿಲ್ಲ, ಬೆರಳೂ ಮಾಡೂದಿಲ್ಲ. ಆಕಿಗಿ ಎಲ್ಲಾರ್ಕಿಂತ ಮುಂದ ನಿಂದ್ರಸು."

ಸೆರಗು ಸಡಿಲವಾಯಿತು. ಕೂಸು ಮೂಗು ಸುರಿಸುತ್ತ ಈಚೆ ಬಂತು.

"ಲಾಭ," ಎಂದಳು ಫರಹತ್. "ಮನೀಷಾ, ಎರಡು. ಶಹಜಾದಿ, ಮೂರು."

ಮನೀಷಾ ಅಳುತ್ತಲೇ ಹೆಬ್ಬೆಟ್ಟು ಒತ್ತಿದಳು.

ವರದಿ ಕಳಿಸಿ ಇನ್ನೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಜಿಲ್ಲಾ ಕಚೇರಿಯ ಬಸವಣಪ್ಪನ ಫೋನು ಬಂತು.

"ಏನ್ರಿ ಮೇಡಂ, ಹೊಸಬ್ರು ಯಾರೂ ಬಂದಿಲ್ಲ, ನಿನ್ನಿತನಾ ಮಕ್ಕಳು ಸೊನ್ನೆ. ಇವತ್ತ ಈ ಕೂಸು ಎಲ್ಲಿಂದ ಬಂತು? ಜೈಲಿನ್ಯಾಗ ಹೆರಿಗಿ ಆಗ್ಯದೇನು?"

"ಆಗ್ಯದ್ರಿ."

"ಗಂಡೋ, ಹೆಣ್ಣೋ?"

"ಹೆಣ್ರಿ. ಎರಡು ವರ್ಷದಾಕಿ, ಹಲ್ಲೂ ಬಂದಾವ. ನಾಳಿಂದ ಹಾಲು ಹಚ್ಚರಿ."

ಆ ಕಡೆ ಕೀಲಿಮಣೆ ಬಡಿಯುವುದು ಕೇಳಿಸಿತು. ಬಸವಣಪ್ಪನದು ಊರಿಗೇ ಕೇಳುವ ಗಂಟಲು.

"ಬರದೀನಿ ನೋಡ್ರಿ. ಮಕ್ಕಳು, ಒಂದು!"

ಫರಹತ್ ಥಟ್ಟನೆ ಫೋನನ್ನು ಅಂಗೈಯಿಂದ ಮುಚ್ಚಿ, ಹೆಂಗಸರ ಕೋಣೆಯ ಕಡೆ ನೋಡಿದಳು.