ಮೂರನೆಯ ಮರಿ

ಕುರಿಗೆ ಮೊಲೆ ಎರಡೇ. ಇದನ್ನು ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಿಲ್ಲ, ಬಗ್ಗಿ ನೋಡಿದರೆ ಸಾಕು. ನಮ್ಮ ಕಶ್ಯಪ್ ಸಾಹೇಬರು ಬಗ್ಗುವ ಜಾತಿಯವರಲ್ಲ.

ಎರಡು ಸಾವಿರದ ಐದನೇ ಇಸವಿ. ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಹಿಂದೆ ಅವರ ಕಂಪನಿ, ಕಂಪನಿಯ ಹಿಂದೆ ಕುರಿದೊಡ್ಡಿ. ನಾನು ಅಲ್ಲಿನ ಪಶುವೈದ್ಯೆ. ಕುರಿಯ ಮೈಯಲ್ಲಿ ಒಂದು ಹಾರ್ಮೋನು ಅಂಡಗಳು ಹೆಚ್ಚು ಬೆಳೆಯದಂತೆ ತಡೆಯುತ್ತದೆ. ಆ ಹಾರ್ಮೋನಿನ ಜೀನನ್ನೇ ಲಸಿಕೆಯಾಗಿ ಚುಚ್ಚಿದರೆ ಮೈ ಅದರ ಮೇಲೆ ತಿರುಗಿಬೀಳುತ್ತದೆ, ತಡೆ ಸಡಿಲವಾಗುತ್ತದೆ, ಮರಿಗಳು ಹೆಚ್ಚುತ್ತವೆ. ಚುಚ್ಚಿದವಳು ನಾನೇ. ಕಪ್ಪು ಕಾಲಿನ ಕುರಿ ಮೂರು ಮರಿ ಹಾಕಿದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳೂ ನಾನೇ.

ಮೂರನೆಯದು ತೀರಾ ಸಣ್ಣದು. ಮೊದಲಿನವೆರಡು ಮೊಲೆ ಬಿಟ್ಟುಕೊಡುತ್ತಿರಲಿಲ್ಲ, ಇದು ಹಿಂದೆ ನಿಂತು ಒದರುತ್ತಿತ್ತು. ನಾನು ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಲು ಕೂತೆ. ಕಶ್ಯಪ್ ಬಂದು ಬಾಟಲಿ ಕಿತ್ತುಕೊಂಡರು.

“ಹೊರಗಿನ ಹಾಲು ಕೊಟ್ರೆ ತೂಕದ ಡೇಟಾ ಹಾಳಾಗುತ್ತೆ ರಂಜನಾ. ತಾಯಿ ಹಾಲೇ ಕುಡೀಲಿ.”

“ಸಿಕ್ಕಿದ್ರೆ ಕುಡಿಯುತ್ತೆ ಸರ್. ಸಿಗ್ತಿಲ್ಲ. ಸತ್ತೋಗುತ್ತೆ.”

“ಹುಟ್ಟಿದ್ದು ಮೂರು. ರಿಪೋರ್ಟಲ್ಲಿ ಬರೋದು ಅಷ್ಟೇ.”

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಕದ್ದು ಕುಡಿಸುತ್ತೇನೆಂದು ಅವರಿಗೆ ಗೊತ್ತಿತ್ತು. ಸಂಜೆ ದೊಡ್ಡಿಗೆ ಬೀಗ ಹಾಕಿಸಿ, ಬೀಗದಕೈಯನ್ನು ತಾವೇ ಇಂದಿರಾನಗರದ ಮನೆಗೆ ಒಯ್ದರು.

ಬೆಳಿಗ್ಗೆ ಬಾಗಿಲು ತೆಗೆದಾಗ ಮರಿ ಹುಲ್ಲಿನ ಮೇಲೆ ಸೆಟೆದು ಬಿದ್ದಿತ್ತು. ಅವತ್ತೇ ಬಂಡವಾಳ ಹಾಕುವವರು ನೋಡಲು ಬರುವುದಿತ್ತು. ಕಶ್ಯಪ್‌ಗೆ ಕರುಳು ಚುರುಕ್ ಅನ್ನಲಿಲ್ಲ, ತಲೆ ಮಾತ್ರ ಓಡಿತು. ಸತ್ತದ್ದನ್ನು ಗೋಣಿಚೀಲಕ್ಕೆ ಹಾಕಿ ಮೇವಿನ ಕೋಣೆಯಲ್ಲಿಡು, ಪಕ್ಕದ ಕುರಿಯ ಮರಿಯೊಂದನ್ನು ತಂದು ಇಲ್ಲಿ ಬಿಡು ಎಂದು ಮಾನಪ್ಪನಿಗೆ ಹೇಳಿದರು. ಸಿಂಧನೂರಿನಿಂದ ಬಂದು ದೊಡ್ಡಿ ಕೆಲಸಕ್ಕೆ ಸೇರಿದ್ದ ಮಾನಪ್ಪ ನನ್ನ ಮುಖ ನೋಡಲಿಲ್ಲ.

“ಸುಮ್ನಿರ್ರಿ ಮೇಡಂ. ಕೆಲ್ಸ ಹೋದ್ರ ನಮ್ಮನ್ನ ಯಾರು ಕೇಳ್ತಾರ್ರಿ?”

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇದ್ದದ್ದೆಲ್ಲ ಒಬ್ಬರಿಗೇ ಮೀಸಲಾಗಿತ್ತು.

ಅತಿಥಿಗಳು ಬಂದರು. ಅವರಲ್ಲಿ ಶಿವಾಜಿನಗರದ ಮಾಂಸದ ವ್ಯಾಪಾರಿ ಅಕ್ತರ್ ಸಾಹೇಬರೂ ಇದ್ದರು. ಕಶ್ಯಪ್ ಮದುವೆಮನೆಯ ಯಜಮಾನನ ಹಾಗೆ ಕೈ ಚಾಚಿ, “ನೋಡಿ, ಒಂದೇ ತಾಯಿ, ಮೂರು ಮರಿ!” ಎಂದರು. ಕ್ಯಾಮೆರಾ ಮೇಲೆದ್ದಿತು. ಕುರಿ ಹೊಸ ಮರಿಯನ್ನು ಮೂಸಿ ನೋಡಿ, ತಲೆ ತಗ್ಗಿಸಿ ಗುದ್ದಿತು. ಮರಿ ಉರುಳಿಬಿತ್ತು.

“ಜನ ನೋಡಿ ಗಾಬರಿ ಆಗಿದೆ,” ಎಂದು ನಕ್ಕು, ಕಶ್ಯಪ್ ಮರಿಯನ್ನು ಎತ್ತಿ ಮತ್ತೆ ಅಲ್ಲೇ ಬಿಟ್ಟರು. ಕುರಿ ಮತ್ತೆ ಗುದ್ದಿತು.

“ಯಾಕಮ್ಮಾ ಹೀಗೆ ಹೊಡೀತಾ ಇದೆ?” ಅಕ್ತರ್ ಸಾಹೇಬರು ನನ್ನನ್ನು ಕೇಳಿದರು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೆ ಹೆಗ್ಗಣ ತಮ್ಮದೇ ಆಗಿರಬೇಕು. ನಾನು ಮೇವಿನ ಕೋಣೆಗೆ ಹೋಗಿ ಗೋಣಿಚೀಲ ತಂದೆ.

“ರಂಜನಾ, ಬೇಡ. ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ. ನಿಮ್ಮಂಥೋರ ಹತ್ರ ಇದ್ದಿದ್ದೇ ಹೆಚ್ಚಾಯ್ತು.”

ಚೀಲ ಬಿಚ್ಚಿ ಸತ್ತ ಮರಿಯನ್ನು ಕುರಿಯ ಮುಂದೆ ಮಲಗಿಸಿದೆ.

“ಮೂರನೇದು ಇದು ಸರ್. ಹಾಲಿಲ್ಲದೆ ಸತ್ತಿದ್ದು. ಇದರ ಫೋಟೋ ತೆಗೀರಿ.”

ಯಾರೂ ತೆಗೆಯಲಿಲ್ಲ. ಕುರಿ ಅದನ್ನು ಮೂಸಿತು, ಮುಖ ನೆಕ್ಕಿತು, ಮೂತಿಯಿಂದ ಮೆಲ್ಲಗೆ ತಳ್ಳಿ ಎಬ್ಬಿಸಲು ನೋಡಿತು. ಆಮೇಲೆ ಪಕ್ಕಕ್ಕೆ ತಿರುಗಿ, ಅದು ಕುಡಿಯಲೆಂದು ಹಿಂಗಾಲು ಅಗಲಿಸಿ ನಿಂತುಕೊಂಡಿತು.