ಒಂದೇ ಗದ್ದೆಗೆ ಮಷಿನ್ ಇಳಿಯುವುದಿಲ್ಲ

ಸಿದ್ದಾಪುರದಾಚೆ, ಕಾಲುವೆಯ ಬಗಲಿಗೇ ಒಂದು ಊರು. ಅಲ್ಲಿನ ಸರ್ಕಾರಿ ಶಾಲೆಯ ಗೋಡೆಯ ಮೇಲೊಂದು ದೊಡ್ಡ ಟಿವಿ. ಮಕ್ಕಳಿಗೆ ಪಾಠದ ಚಿತ್ರ ಕಾಣಲಿ ಎಂದು ಊರವರು ಮನೆಮನೆಯಿಂದ ಪಟ್ಟಿ ಎತ್ತಿ, ದುಡ್ಡು ಕೂಡಿಸಿ ತಂದದ್ದು. ತಂದ ದಿನ ಕಾಯಿ ಒಡೆದರು, ಹಾರ ಹಾಕಿದರು, ಫೋಟೊ ತೆಗೆಸಿಕೊಂಡರು. ಕೆಲವೇ ತಿಂಗಳಲ್ಲಿ ಅದು ಕಣ್ಣು ಮುಚ್ಚಿತು. ಈಗ ಆಯುಧಪೂಜೆಗೊಮ್ಮೆ ಅದರ ಧೂಳು ಒರೆಸಿ ವಿಭೂತಿ ಹಚ್ಚುತ್ತಾರೆ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂದರೆ ಇದೇ.

ಶಾಲಾ ಸಮಿತಿಯ ಅಧ್ಯಕ್ಷ ದೇವೇಂದ್ರಪ್ಪನಿಗೆ ಈ ಟಿವಿಯದೇ ಚಿಂತೆ. ಅವನ ಮೊಮ್ಮಗಳು ಭವಾನಿ ಅದೇ ಶಾಲೆಯಲ್ಲಿ ಓದುತ್ತಾಳೆ. ಮಗ ಹಾಲೇಶ ಮೊನ್ನೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದ.

“ಅಪ್ಪಾ, ಗಂಗಾವತಿ ಸಾಲ್ಯಾಗ ಹೃದಯ ಹೆಂಗ ಬಡೀತೈತಿ ಅಂತ ಟಿವಿಯೊಳಗ ತೋರಸ್ತಾರ. ಇಲ್ಲಿ ಟಿವಿಗೆ ಜೀವ ಇಲ್ಲ. ಬರೂ ಜೂನಿಗೆ ಭವಾನೀನ ಅಲ್ಲಿಗೆ ಹಾಕ್ತೀನಿ.”

ಅಧ್ಯಕ್ಷನ ಮೊಮ್ಮಗಳೇ ಊರ ಶಾಲೆ ಬಿಟ್ಟರೆ ಉಳಿದವರು ನಿಲ್ಲುತ್ತಾರೆಯೇ? ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ಪಟ್ಟಿ ಕೊಡಲು ಊರವರು ಒಪ್ಪಿದ್ದರು. ಇದೂ ಕೆಟ್ಟರೆ ಮತ್ತೆ ಯಾರೂ ಕೈ ಬಿಚ್ಚುವುದಿಲ್ಲ ಎಂಬುದು ದೇವೇಂದ್ರಪ್ಪನಿಗೂ ಗೊತ್ತಿತ್ತು.

ಪಕ್ಕದ ಊರಿನ ಶಾಲಾ ಸಮಿತಿಗೆ ಉಮರಸಾಬ ಅಧ್ಯಕ್ಷ. ದೇವೇಂದ್ರಪ್ಪನ ಗದ್ದೆಗೆ ಅವನ ಗದ್ದೆ ಹತ್ತಿದ್ದು, ಹಳೆಯ ಸ್ನೇಹ. ಒಂದು ದಿನ ಬದುವಿನ ಮೇಲೆ ಕೂತು ಉಮರಸಾಬನೇ ಮಾತು ತೆಗೆದ.

“ದೇವೇಂದ್ರಪ್ಪ, ನಾವು ನಾಕು ಊರಿನ ಸಾಲಿಯವರು ಕೂಡಿ ಟಿವಿ ಖರೀದಿ ಮಾಡೂದು ಅಂತ ಮಾಡೀವಿ. ನಿಮ್ಮೂರೂ ಬರ್ಲಿ.”

“ಯಾಕಪಾ? ನಮ್ಮೂರಿಗೆ ಕೈ ಇಲ್ಲೇನು?”

“ಅದಾವ ಮಾರಾಯ. ಆದ್ರ ಒಬ್ಬೊಬ್ಬರ ಹೋದ್ರ ಅಂಗಡ್ಯಾವ ಹೇಳಿದ್ದ ರೇಟು, ಕೊಟ್ಟಿದ್ದ ಮಾಲು. ಕೂಡಿ ಹೋದ್ರ ನಾವು ಹೇಳ್ತೀವಿ, ಅವ ಕೇಳ್ತಾನ. ಏನು ಬೇಕು ಅಂತ ಮೊದಲ ಟೀಚರ್ ಹೇಳ್ಲಿ. ಕರೆಂಟ್ ಹೋದ್ರೂ ನಡೀಬೇಕು. ನೆಟ್ ಇಲ್ಲಂದ್ರೂ ಕನ್ನಡ ಪಾಠ ಕಾಣಬೇಕು. ಮೂರು ಕಡೆ ರೇಟು ತರಸೂಣು. ಕೆಟ್ರ ಯಾರು ಬರ್ತಾರ, ಎಷ್ಟು ದಿನದಾಗ ಬರ್ತಾರ, ಅದನ್ನೂ ಬರಸ್ಕೊಳ್ಳೂಣು.”

“ಎಲ್ಲಾ ಊರು ಕೂಡಿದ್ರ ದಾನ ಕೊಟ್ಟವರ ಬೋರ್ಡ್ ಮ್ಯಾಲ ಯಾರ ಹೆಸರು? ಗಂಗಾವತ್ಯಾಗ ನಮ್ಮ ಪ್ರಭುರಾಜನ ಟಿವಿ ಅಂಗಡಿ ಐತಿ. ಬೀಗರ ಪೈಕಿ ಹುಡುಗ. ಅವ ಮೋಸ ಮಾಡ್ತಾನೇನು?”

ಉಮರಸಾಬ ವಾದ ಬೆಳೆಸಲಿಲ್ಲ. “ಹೋಗಿ ಬಾ. ಕೆಟ್ರ ಬರ್ತೀಯೇನು ಅಂತ ಅಷ್ಟ ಕೇಳು.”

ದೇವೇಂದ್ರಪ್ಪ ಗಂಗಾವತಿಗೆ ಹೋದ. ಪ್ರಭುರಾಜ ಚಹಾ ತರಿಸಿದ, ಹೊಸ ಟಿವಿ ಹಚ್ಚಿ ತೋರಿಸಿದ. ಕೆಟ್ಟರೆ ಬರುತ್ತೀಯಾ ಎಂದು ದೇವೇಂದ್ರಪ್ಪ ಕೇಳಿಯೇ ಬಿಟ್ಟ. ಹುಡುಗ ಸುಳ್ಳು ಹೇಳುವವನಲ್ಲ. ತಲೆ ಕೆರೆದುಕೊಂಡ.

“ಮಾವಾರ, ಒಂದ ಟಿವಿ ಸಲುವಾಗಿ ರಿಪೇರಿಯವನ್ನ ಅಷ್ಟು ದೂರ ಹೆಂಗ ಕಳಸ್ಲಿ? ಆ ಕಡೆ ಇನ್ನ ನಾಕು ಕೆಲಸ ಬೀಳ್ಲಿ, ಆವಾಗ ಬರ್ತಾನ್ರಿ.”

ದೇವೇಂದ್ರಪ್ಪ ಚಹಾದ ಕಪ್ಪು ಕೆಳಗಿಟ್ಟ. ಈ ಮಾತು ಅವನು ಹಿಂದೊಮ್ಮೆ ಕೇಳಿದ್ದ. ನೀರಿನ ಪಾಳಿಗಾಗಿ ಉಮರಸಾಬನೊಡನೆ ಜಗಳಾಡಿದ ವರ್ಷ, ಭತ್ತ ಕೊಯ್ಯುವ ಮಷಿನ್ ತರಿಸಲು ಒಬ್ಬನೇ ಹೋಗಿದ್ದ. “ಒಂದ ಗದ್ದಿಗೆ ಮಷಿನ್ ಇಳಸೂದಿಲ್ರಿ ಯಜಮಾನ್ರ, ಬಾಜೂದವರನ್ನ ಕೂಡಿಸ್ಕೊಂಡು ಬರ್ರಿ” ಎಂದಿದ್ದ ಮಷಿನ್‌ನವನು. ಇವನು ಹಟ ಹಿಡಿದು ಕೂತ. ಮಳೆ ಬಂತು, ಪೈರು ಮಲಗಿತು, ತೆನೆಯಲ್ಲೇ ಕಾಳು ಮೊಳೆಯಿತು. ಅಂದಿನಿಂದ ಅಕ್ಕಪಕ್ಕದ ಬದುವಿನವರೆಲ್ಲ ಕೂಡಿಯೇ ಮಷಿನ್ ಕರೆಸುತ್ತಾರೆ. ಗದ್ದೆಯಲ್ಲಿ ಕಲಿತ ಬುದ್ಧಿಯನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬಂದಿದ್ದ. ಅವನಿಗೆ ನಾಚಿಕೆಯಾಯಿತು.

ಸೀದಾ ಉಮರಸಾಬನ ಮನೆಗೆ ಹೋದ. ಬಾಗಿಲಲ್ಲಿದ್ದ ಅವನ ಹೆಂಡತಿ ತಾಜಬೀ ನಕ್ಕಳು. “ಟಿವಿ ಎಲ್ಲೈತ್ರಿ ಅಣ್ಣಾರ?”

“ಟಿವಿ ತರಾಕ ಜೋಡಿ ಬೇಕಂತವ್ವ. ನಮ್ಮೂರೂ ಕೂಡ್ತೈತಿ ಅಂತ ಹೇಳು ನಿಮ್ಮ ಯಜಮಾನ್ರಿಗೆ.”

ಐದೂ ಸಮಿತಿಗಳು ಸಭೆ ಸೇರಿ, ಕೂಡಿಯೇ ಕೊಳ್ಳುವುದೆಂದು ಠರಾವು ಮಾಡಿದವು. ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಖರೀದಿಯ ನಿಯಮ ಕೇಳಿದರು. ರೇಟು ಕೊಟ್ಟವರಲ್ಲಿ ಪ್ರಭುರಾಜನೂ ಇದ್ದ, ಆದರೆ ರಿಪೇರಿಯ ಮಾತು ಬರೆದುಕೊಟ್ಟದ್ದು ಇನ್ನೊಂದು ಅಂಗಡಿ. ಬೀಗರೆಂದು ಮುಲಾಜು ನೋಡದೆ ಆ ಅಂಗಡಿಯಲ್ಲೇ ಕೊಂಡರು. ಟೀಚರುಗಳು ತಾವೇ ಹಚ್ಚಿ, ಆರಿಸಿ, ಪಾಠ ಮಾಡಿ ನೋಡಿದ ಮೇಲೆಯೇ ಸಮಿತಿಯವರು ದುಡ್ಡು ಕೊಟ್ಟರು.

ಬೇಸಿಗೆ ಶುರುವಾಗುವ ಹೊತ್ತಿಗೆ ದೇವೇಂದ್ರಪ್ಪನ ಊರಿನ ಹೊಸ ಟಿವಿ ತಟಕ್ಕನೆ ಕಪ್ಪಾಯಿತು. “ನೋಡಿದೇನಪಾ? ಮತ್ತ ಅದ ಹಾಡು” ಎಂದ ಹಾಲೇಶ. ದೇವೇಂದ್ರಪ್ಪ ಅಂಗಡಿಗೆ ಫೋನ್ ಮಾಡಿದ.

ಮರುದಿನ ಬಿಸಿಯೂಟದ ಹೊತ್ತಿಗೆ ರಿಪೇರಿಯವನ ಬೈಕು ಬಂದು ನಿಂತಿತು.

“ಒಂದ ಟಿವಿಗೆ ಇಷ್ಟು ದೂರ ಬಂದ್ಯಲ್ಲಪ್ಪ!” ಎಂದ ದೇವೇಂದ್ರಪ್ಪ.

“ಒಂದೆಲ್ಲೈತ್ರಿ ಯಜಮಾನ್ರ? ನಾ ಬರಲಿಲ್ಲಂದ್ರ ಐದೂ ಊರಿನವರು ಫೋನ್ ಹಚ್ಚತೀರಿ.”

ಟಿವಿ ಹೊತ್ತಿಕೊಂಡಿತು. ಪರದೆಯ ಮೇಲೆ ಕೆಂಪು ಹೃದಯ ಬಡಿಯತೊಡಗಿತು. ಭವಾನಿ ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಹಾಲೇಶ ಚಪ್ಪಲಿ ಬಿಟ್ಟು ಒಳಗೆ ಬಂದು ಮಗಳ ಪಕ್ಕ ಕೂತ. ಜೂನಿನಲ್ಲಿ ಗಂಗಾವತಿ ಶಾಲೆಯ ಬಸ್ಸು ಬಂತು, ಭವಾನಿಯನ್ನು ಊರ ಶಾಲೆಯಲ್ಲೇ ಬಿಟ್ಟು ಹೋಯಿತು.

ತಾಯಂದಿರೇ, ತಂದೆಯಂದಿರೇ, ನಿಮ್ಮೂರ ಶಾಲೆಗೂ ಇಂಥದೊಂದು ಬೇಕಿದ್ದರೆ ಒಬ್ಬರೇ ಪೇಟೆಗೆ ಓಡಬೇಡಿ. ಪಕ್ಕದೂರಿನ ಶಾಲಾ ಸಮಿತಿಯವರನ್ನು ಮಾತಾಡಿಸಿ. ಟೀಚರನ್ನು ಕೇಳಿ, ನಿಯಮ ತಿಳಿಯಿರಿ, ಕೂಡಿ ಕೊಳ್ಳಿ. ರಿಪೇರಿಯ ಮಾತು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ನಿಮ್ಮೂರ ಶಾಲೆಯ ಟಿವಿಯಲ್ಲಿ ಇವತ್ತು ಪಾಠ ಕಾಣುತ್ತಿದೆಯೋ, ಬರೀ ವಿಭೂತಿಯೋ? ನಾಳೆ ಬೆಳಿಗ್ಗೆ ಹೋಗಿ ನೋಡಿ ಬನ್ನಿ.